ನಾಲ್ಕು ಸೆಕೆಂಡಿನ ಸುಖಕ್ಕೆ ಎರಡು ಕೋಟಿ

ಮನೆ ಸಾಲ ತೀರಿದೆ. ಮಕ್ಕಳು ಕಾಲೇಜು ಸೇರಿದ್ದಾರೆ. ಕಂಪನಿ ಕೊಟ್ಟ ಷೇರು ಮಾರಿದ ಹಣ ಬ್ಯಾಂಕಿನಲ್ಲಿ ಕೂತಿದೆ. ಇಪ್ಪತ್ತು ವರ್ಷ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿದ ನಮ್ಮ ಕಡೆಯ ಗಂಡಸರಿಗೆ ಈ ಹೊತ್ತಿಗೆ ಹುಟ್ಟುವ ಆಸೆ ಯಾವುದೆಂದು ನನಗೆ ಬಾಯಿಪಾಠವಾಗಿದೆ: ಒಂದು ಕಾರು. ಮನೆಗಲ್ಲ, ಆಫೀಸಿಗಲ್ಲ, ತನಗೆ. ಓಡಿಸುವ ಖುಷಿಗೆ. ಅಲ್ಲಿಂದ ಮುಂದಿನ ಪ್ರಶ್ನೆ: ಹೊಸ ಸ್ಪೋರ್ಟ್ಸ್ ಕಾರೋ, ಹಳೆಯ ಕ್ಲಾಸಿಕ್ಕೋ?

ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ. ಹಳೆಯದು. ಹಾಗೆ ಹೇಳಿದಾಗಲೆಲ್ಲ ಎದುರಿನವರ ಮುಖದಲ್ಲಿ ಒಂದು ಸಣ್ಣ ನಗು ಮೂಡುತ್ತದೆ. ಪಾಪ, ಇವನಿಗೆ ಹಳೆಯ ಕಾಲದ ಹುಚ್ಚು ಎಂಬಂತೆ. ನನ್ನ ವಾದಕ್ಕೂ ಆ ಹುಚ್ಚಿಗೂ ಸಂಬಂಧವಿಲ್ಲ. ಹಿಂದಿನದೆಲ್ಲ ಚಿನ್ನ, ಈಗಿನದೆಲ್ಲ ಹಿತ್ತಾಳೆ ಎನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. ಹೊಸ ಕಾರು ಎಲ್ಲ ಲೆಕ್ಕದಲ್ಲೂ ಉತ್ತಮ ಯಂತ್ರ. ವೇಗದಲ್ಲಿ, ಬ್ರೇಕಿನಲ್ಲಿ, ಇಂಧನದಲ್ಲಿ, ಹೊಗೆಯಲ್ಲಿ, ಅಪಘಾತವಾದಾಗ ಒಳಗಿರುವವರನ್ನು ಉಳಿಸುವುದರಲ್ಲಿ. ಇಷ್ಟನ್ನೂ ಒಪ್ಪಿಕೊಂಡೇ ಹೇಳುತ್ತೇನೆ: ನಮ್ಮ ದೇಶದ ರಸ್ತೆಯಲ್ಲಿ, ಓಡಿಸುವ ಖುಷಿಗೆಂದು ಕಾರು ಕೊಳ್ಳುವವರು ಹೊಸ ಸ್ಪೋರ್ಟ್ಸ್ ಕಾರು ಕೊಳ್ಳಬಾರದು.

ಆಟ ಯಾರು ಆಡುತ್ತಿದ್ದಾರೆ?

ಒಂದೇ ಕಾರಿನ ಎರಡು ಕಾಲವನ್ನು ಅಕ್ಕಪಕ್ಕ ಇಟ್ಟು ನೋಡೋಣ. ಪೋರ್ಶೆ 911. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಪ್ಯೂಜೋ ಕಂಪನಿ ತಕರಾರು ತೆಗೆದದ್ದರಿಂದ ಅದು 911 ಆಯಿತು. ಎರಡು ಲೀಟರಿನ, ಗಾಳಿಯಿಂದ ತಣಿಯುವ ಆರು ಸಿಲಿಂಡರಿನ ಎಂಜಿನ್. 130 ಅಶ್ವಶಕ್ತಿ. ತೂಕ 1,080 ಕಿಲೋ. ಗಂಟೆಗೆ 100 ಕಿ.ಮೀ. ಮುಟ್ಟಲು ಸುಮಾರು ಒಂಬತ್ತು ಸೆಕೆಂಡು. ಟೈರಿನ ಅಗಲ 165 ಮಿಲಿಮೀಟರ್. ಇವತ್ತು ನಮ್ಮ ಸಾಧಾರಣ ಹ್ಯಾಚ್‌ಬ್ಯಾಕಿಗೆ ಹಾಕುವಷ್ಟೇ.

ಇವತ್ತಿನ 911 ಕರೇರಾ ಸುಮಾರು ಒಂದೂವರೆ ಟನ್ ತೂಗುತ್ತದೆ. ಶಕ್ತಿ 400ಕ್ಕೆ ಸ್ವಲ್ಪ ಕಮ್ಮಿ. ಹಿಂದಿನ ಟೈರು 295 ಮಿಲಿಮೀಟರ್. ನೂರು ಮುಟ್ಟಲು ನಾಲ್ಕು ಸೆಕೆಂಡು ಸಾಕು. ಗೇರು ತಾನೇ ಬೀಳುತ್ತದೆ. ಚಕ್ರ ಜಾರುವ ಮೊದಲೇ ಕಂಪ್ಯೂಟರಿಗೆ ಗೊತ್ತಾಗಿ, ಬೇಕಾದ ಚಕ್ರಕ್ಕೆ ಬೇಕಾದಷ್ಟು ಬ್ರೇಕು ಹಾಕುತ್ತದೆ. ಸ್ಟಿಯರಿಂಗಿಗೆ ವಿದ್ಯುತ್ ಮೋಟಾರಿನ ನೆರವಿದೆ. ಅದ್ಭುತವಾದ ಎಂಜಿನಿಯರಿಂಗ್. ಆದರೆ ಆ ಜಾಣತನವೆಲ್ಲ ಜರ್ಮನಿಯ ಎಂಜಿನಿಯರುಗಳದ್ದು, ಚಕ್ರ ಹಿಡಿದವರದ್ದಲ್ಲ. ಚೆಸ್ ಆಡುವಾಗ ಪಕ್ಕದಲ್ಲಿ ನಿಂತು ಪ್ರತಿ ನಡೆಯನ್ನೂ ಹೇಳಿಕೊಡುವವನಿದ್ದರೆ ಗೆಲ್ಲಬಹುದು. ಆಡಿದಂತಾಗುವುದಿಲ್ಲ.

ಹಳೆಯ ಕಾರು ಹೇಳಿಕೊಡುವುದಿಲ್ಲ, ಕೇಳುತ್ತದೆ. ತಿರುವಿಗೆ ಬರುವ ಮೊದಲು ಬ್ರೇಕ್ ಹಾಕಿದೆಯಾ? ಗೇರು ಇಳಿಸುವಾಗ ಎಂಜಿನ್ನಿನ ಸುತ್ತು ಹೊಂದಿಸಿದೆಯಾ? ತಿರುವಿನ ನಡುವೆ ಹೆದರಿ ಕಾಲು ಎತ್ತಿದೆಯಾ? ತಪ್ಪು ಮಾಡಿದರೆ ಆಗಲೇ ಗೊತ್ತಾಗುತ್ತದೆ, ಸರಿ ಮಾಡಿದರೂ ಆಗಲೇ ಗೊತ್ತಾಗುತ್ತದೆ. ಟೈರು ಕಿರಿದು, ಹಿಡಿತ ಕಮ್ಮಿ. ಆದ್ದರಿಂದ ಕಾರಿನ ಮಿತಿ ನಲವತ್ತು ಐವತ್ತರ ವೇಗದಲ್ಲೇ ಕೈಗೆ ತಿಳಿಯುತ್ತದೆ. ಹೊಸ ಕಾರಿನಲ್ಲಿ ಅದೇ ಅನುಭವ ಬೇಕೆಂದರೆ ಅದೇ ತಿರುವಿಗೆ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ನುಗ್ಗಬೇಕು. ನನ್ನ ವಾದದ ತಿರುಳು ಇಷ್ಟೇ. ಖುಷಿ ಇರುವುದು ವೇಗದಲ್ಲಲ್ಲ, ಯಂತ್ರದ ಮಿತಿಯ ಹತ್ತಿರ ಇರುವುದರಲ್ಲಿ. ಆ ಮಿತಿ ಎಲ್ಲಿದೆ ಎಂಬುದೇ ಪ್ರಶ್ನೆ: ಕಾನೂನಿನ ಒಳಗೋ, ಹೊರಗೋ?

ಇದು ನನ್ನೊಬ್ಬನ ತಲೆಹರಟೆಯಲ್ಲ. ಜಪಾನಿನ ಮಾಜ್ಡಾ ಕಂಪನಿ 1989ರಲ್ಲಿ ಎಂಎಕ್ಸ್-5 ತಂದಾಗ ಅದರ ಎಂಜಿನಿಯರುಗಳ ಕಣ್ಣ ಮುಂದಿದ್ದದ್ದು 1962ರ ಬ್ರಿಟಿಷ್ ಕಾರು ಲೋಟಸ್ ಎಲಾನ್. 700 ಕಿಲೋ ಕೂಡ ತೂಗದ ಪುಟ್ಟ ಗಾಡಿ. ಕುದುರೆ ಮತ್ತು ಸವಾರ ಒಂದಾಗುವುದು ಎಂಬ ಜಪಾನಿ ಮಾತನ್ನೇ ಅವರು ಗುರಿಯಾಗಿಟ್ಟುಕೊಂಡರು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದೇ. ಅದು ಎಂದೂ ಅತಿ ವೇಗದ ಕಾರಾಗಿರಲಿಲ್ಲ.

ಆ ವೇಗವನ್ನು ಎಲ್ಲಿಗೆ ಒಯ್ಯುತ್ತೀರಿ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಕ್ಯಾಮೆರಾ ಕಾದಿದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಕಾರಿಗೆ 100, ಘಾಟಿಯ ಭಾಗದಲ್ಲಿ ಇನ್ನೂ ಕಮ್ಮಿ. ಇಲ್ಲಿ ಎರಡು ಕೋಟಿಯ ಆಸುಪಾಸಿನ ಕಾರನ್ನು ಕಾನೂನು ಪಾಲಿಸುವ ಸಭ್ಯರೊಬ್ಬರು ಓಡಿಸುತ್ತಾರೆ ಎಂದುಕೊಳ್ಳಿ. ಟೋಲ್ ದಾಟಿ ಪೆಡಲ್ ಒತ್ತಿದರು. ಒಂದು, ಎರಡು, ಮೂರು, ನಾಲ್ಕು. ನೂರು. ಆಟ ಮುಗಿಯಿತು. ಮುಂದಿನ ಟೋಲಿನವರೆಗೆ ಅವರೂ, ಪಕ್ಕದಲ್ಲಿ ಹೋಗುವ ಟ್ಯಾಕ್ಸಿಯೂ ಒಂದೇ. ನಾಲ್ಕು ಸೆಕೆಂಡಿನ ಮೇಲೆ ಇನ್ನೊಂದು ಸೆಕೆಂಡು ಬೇಕೆಂದರೆ ಕಾನೂನು ಮುರಿಯಬೇಕು. ಮುರಿಯುತ್ತಾರೆ ಕೂಡ. ಅದಕ್ಕೇ ತಾನೇ ಕೊಂಡದ್ದು.

ಮುರಿದಾಗ ಆಗುವ ಹಾನಿಯ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರದಲ್ಲಿದೆ. ಚಲಿಸುವ ವಸ್ತುವಿನ ಶಕ್ತಿ ತೂಕದ ಜೊತೆ ನೇರವಾಗಿ, ವೇಗದ ಜೊತೆ ವರ್ಗವಾಗಿ ಬೆಳೆಯುತ್ತದೆ. ಒಂದು ಟನ್ನಿನ ಹಳೆಯ ಕಾರು 60ರಲ್ಲಿ ಹೋಗುವುದಕ್ಕೂ, ಒಂದೂವರೆ ಟನ್ನಿನ ಹೊಸ ಕಾರು 120ರಲ್ಲಿ ಹೋಗುವುದಕ್ಕೂ ಇರುವ ಅಂತರ ದುಪ್ಪಟ್ಟಲ್ಲ, ಆರು ಪಟ್ಟು. ಕಾರಿನೊಳಗೆ ಕೂತವರಿಗೆ ಏರ್‌ಬ್ಯಾಗ್ ಇದೆ. ರಸ್ತೆ ದಾಟುತ್ತಿರುವ ಹೂ ಮಾರುವವರಿಗೆ ಏನಿದೆ?

ಪುಣೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಪೋರ್ಶೆ ಟೈಕಾನ್ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಓಡಿಸುತ್ತಿದ್ದನೆಂಬ ಆರೋಪ ಇರುವ ಹುಡುಗನಿಗೆ ಆಗ 17 ವರ್ಷ. ಕಾರಿಗೆ ಇನ್ನೂ ಕಾಯಂ ನೋಂದಣಿ ಆಗಿರಲಿಲ್ಲ. ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನ ಜಾಮೀನು ಕೇಳಿ ದೇಶವೇ ಸಿಟ್ಟಾಯಿತು. ಕುಡಿತದ ಬಗ್ಗೆ, ಹಣದ ಬಗ್ಗೆ, ನ್ಯಾಯದ ಬಗ್ಗೆ ಮಾತಾಯಿತು. ಎಲ್ಲವೂ ಆಗಬೇಕಾದ ಮಾತೇ. ಯಂತ್ರದ ಬಗ್ಗೆ ಮಾತ್ರ ಯಾರೂ ಹೆಚ್ಚು ಕೇಳಲಿಲ್ಲ. ಎರಡು ಟನ್ನಿಗೂ ಮೀರಿದ, ರೇಸ್ ಕಾರಿನಂತೆ ಚಿಮ್ಮುವ ವಾಹನವೊಂದನ್ನು ಏನೂ ಕಲಿಯದ ಯಾರು ಬೇಕಾದರೂ, ಎರಡು ಪೆಡಲ್ ಗೊತ್ತಿದ್ದರೆ ಸಾಕು, ಊರಿನ ನಡುವೆ ಓಡಿಸಬಹುದು ಎನ್ನುವುದು ನಮಗೆ ಸಹಜವಾಗಿ ಕಂಡಿತು.

ಹಳೆಯ ಸ್ಪೋರ್ಟ್ಸ್ ಕಾರುಗಳೇನೂ ಸಾಧುಗಳಲ್ಲ. ಹಳೆಯ 911ರಲ್ಲಿ ಎಂಜಿನ್ ಹಿಂದಿನ ಚಕ್ರಗಳಿಗೂ ಹಿಂದೆ ಇದೆ. ತಿರುವಿನ ನಡುವೆ ಕಾಲೆತ್ತಿದರೆ ಬಾಲ ತಿರುಗಿಬಿಡುತ್ತದೆ. ಅದರಿಂದ ಪ್ರಾಣ ಕಳೆದುಕೊಂಡವರಿದ್ದಾರೆ. ಆದರೆ ಆ ಕಾರು ತನ್ನ ಅಪಾಯವನ್ನು ಬಚ್ಚಿಡುವುದಿಲ್ಲ. 80ರಲ್ಲೇ ಗದ್ದಲ, ನಡುಕ, ಗಾಳಿ. ವೇಗ ಮೈಗೆ ಗೊತ್ತಾಗುತ್ತದೆ. ಹೊಸ ಕಾರಿನಲ್ಲಿ 140 ಎಂದರೆ ಹಾಡು ಕೇಳುತ್ತ ಸೋಫಾದ ಮೇಲೆ ಕೂತಂತೆ. ಅಪಾಯ ಕಮ್ಮಿಯಾಗಿಲ್ಲ, ಅದರ ಸದ್ದು ಮಾತ್ರ ಕಮ್ಮಿಯಾಗಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಹತ್ತರಲ್ಲಿ ಏಳು ಸಾವಿಗೆ ಅದು ಕೊಟ್ಟ ಕಾರಣ ಅತಿವೇಗ. ಇಂಥ ದೇಶದಲ್ಲಿ ಗೊತ್ತೇ ಆಗದ ವೇಗವನ್ನು ಐಷಾರಾಮವೆಂದು ಮಾರುತ್ತಿದ್ದಾರೆ, ನಾವು ಸಾಲು ನಿಂತು ಕೊಳ್ಳುತ್ತಿದ್ದೇವೆ.

“ಟ್ರ್ಯಾಕಿಗೆ ಒಯ್ಯುತ್ತೇನೆ” ಎನ್ನುತ್ತಾರೆ. ಒಯ್ಯಿರಿ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಇದೆ, ಕೊಯಮತ್ತೂರಿನ ಕಾರಿ ಟ್ರ್ಯಾಕ್ ಇದೆ, ದೆಹಲಿಯವರಿಗೆ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಇದೆ. ನಿಜವಾಗಿ ಟ್ರ್ಯಾಕಿಗೆ ಹೋಗುವವರ ತಂಟೆಗೆ ನಾನು ಬರುವುದಿಲ್ಲ. ಆದರೆ ಕೊಂಡವರಲ್ಲಿ ಎಷ್ಟು ಜನ ಹೋಗುತ್ತಾರೆ, ವರ್ಷಕ್ಕೆ ಎಷ್ಟು ದಿನ? ಉಳಿದ ದಿನಗಳಲ್ಲಿ ಆ ಕಾರು ಓಡುವುದು ಬಂಜಾರಾ ಹಿಲ್ಸಿನಲ್ಲಿ, ಮರೀನ್ ಡ್ರೈವಿನಲ್ಲಿ, ಚೆನ್ನೈನ ಈಸಿಆರ್‌ನಲ್ಲಿ. ಅಲ್ಲಿ ಓಡಾಡುವ ಜನ ರೇಸಿಗೆ ಟಿಕೆಟ್ ಕೊಂಡು ಬಂದವರಲ್ಲ.

ಕೈಗೆ ಸಿಗುವ ಕಾರು

ಕ್ಲಾಸಿಕ್ ಎಂದ ಕೂಡಲೇ ಜಾಗ್ವಾರ್ ಇ-ಟೈಪ್, ಮರ್ಸಿಡಿಸ್ ಗಲ್‌ವಿಂಗ್ ಎಂದು ಕನಸು ಕಾಣಬೇಕಿಲ್ಲ. ನಮ್ಮಲ್ಲೇ ಇತ್ತು, ನಮಗೆ ಅದರ ವಂಶ ಗೊತ್ತಿರಲಿಲ್ಲ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯೇ? ಅದು ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಇಟಲಿಯ ಜೊವಾನ್ನಿ ಮಿಕೆಲೋಟಿ ಅದರ ರೂಪ ಬರೆದವರು. ಅದರದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಕಂಪನಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿತು. ಅಂದರೆ ಡಾಕ್ಟರು, ಮೇಷ್ಟ್ರು ಓಡಿಸುತ್ತಿದ್ದ ಆ ಪುಟ್ಟ ಕಾರು ಒಂದು ಸ್ಪೋರ್ಟ್ಸ್ ಕಾರಿನ ಅಕ್ಕ. ಅದರ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಸ್ಪಾನರ್ ತಗಲದ ಜಾಗವೇ ಇಲ್ಲ.

ಇದು ಸಣ್ಣ ವಿಷಯವಲ್ಲ. ಹೊಸ ಸ್ಪೋರ್ಟ್ಸ್ ಕಾರಿನ ಬಾನೆಟ್ ತೆಗೆದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ಕೆಲವದರಲ್ಲಿ ಎಂಜಿನ್ನೇ ಕಾಣುವುದಿಲ್ಲ. ದೀಪ ಹತ್ತಿದರೆ ಕಂಪನಿಯ ಲ್ಯಾಪ್‌ಟಾಪ್ ಬರುವವರೆಗೆ ಕಾಯಬೇಕು. ಒಂದು ಸೆನ್ಸರ್ ಕೆಟ್ಟರೆ ಇಡೀ ಜೋಡಣೆ ಬದಲಿಸಬೇಕು. ಹತ್ತು ಹದಿನೈದು ವರ್ಷದ ನಂತರ ಆ ಪರದೆಗೆ, ಆ ಸಾಫ್ಟ್‌ವೇರಿಗೆ, ಹೈಬ್ರಿಡ್ ಆದರೆ ಆ ಬ್ಯಾಟರಿಗೆ ಬಿಡಿಭಾಗ ಯಾರು ಕೊಡುತ್ತಾರೆ? 1964ರ ಕಾರು ಇಂದಿಗೂ ಓಡುತ್ತಿದೆ. ಇಂದಿನ ಕಾರು 2084ರಲ್ಲಿ ಓಡುತ್ತದೆ ಎಂದು ಅದನ್ನು ಮಾರುವವರೇ ಬರೆದುಕೊಡಲಾರರು. ಎರಡು ಕೋಟಿ ಕೊಟ್ಟರೂ ಅದರ ಬೀಗದ ಕೈ ನಿಮ್ಮದಾಗುವುದಿಲ್ಲ.

ಹಳೆಯ ಕಾರು ಉಳಿದಿರುವುದು ಕಂಪನಿಯಿಂದಲ್ಲ, ಬೀದಿಯಿಂದ. ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಮುಂಬೈಯ ಕುರ್ಲಾ, ಬೆಂಗಳೂರಿನ ಜೆ.ಸಿ. ರಸ್ತೆ. ಕಾರ್ಬ್ಯುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಕಿವಿಯಿಂದಲೇ ಟ್ಯೂನಿಂಗ್ ಮಾಡುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ, ಬರುವಷ್ಟು ಕೆಲಸವಿಲ್ಲ. ಕುರ್ಲಾದ ಕಾರ್ಖಾನೆಯಲ್ಲೇ ಹುಟ್ಟಿದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಮುಂಬೈ ಟ್ಯಾಕ್ಸಿಯಾಗಿ ಕೊನೆಯುಸಿರೆಳೆದಾಗ ಪತ್ರಿಕೆಗಳೆಲ್ಲ ಕಣ್ಣೀರಿಟ್ಟವು. ಆ ಕಾರಿನೊಂದಿಗೆ ಅದನ್ನು ಬಲ್ಲ ಕೈಗಳೂ ಕೆಲಸ ಕಳೆದುಕೊಂಡವು ಎಂದು ಬರೆದವರು ಕಮ್ಮಿ. ನೀವು ಹಳೆಯ ಕಾರಿಗೆ ಹಾಕುವ ಹಣದ ದೊಡ್ಡ ಪಾಲು ಹೋಗುವುದು ಇಂಥ ಕೈಗಳಿಗೆ. ಹೊಸ ಆಮದು ಕಾರಿಗೆ ಹಾಕುವ ಹಣ ಹೋಗುವುದು ಕಸ್ಟಮ್ಸಿಗೆ, ವಿದೇಶಿ ಕಂಪನಿಗೆ, ಷೋರೂಮಿನ ಗಾಜಿಗೆ.

ಎದುರು ವಾದಗಳು

ಮೊದಲನೆಯದು ಸುರಕ್ಷತೆ. ಹಳೆಯ ಕಾರು ನಿಮ್ಮನ್ನು ಕಾಪಾಡುವುದಿಲ್ಲ. ಇದು ಸತ್ಯ, ಇದರಲ್ಲಿ ಚೌಕಾಸಿಯಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಗ ಷೋರೂಮಿನಲ್ಲಿದ್ದ ನಮ್ಮ ಐದು ಹೊಸ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಹಾಗಿರುವಾಗ 1970ರ ಕಾರಿನ ಕಥೆ ಏನು? ಆದ್ದರಿಂದಲೇ ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಗೆ ಹೋಗಬೇಡಿ. ಸೀಟ್ ಬೆಲ್ಟ್ ಹಾಕಿಸಿ, ಬ್ರೇಕನ್ನು ಮೊದಲು ಸರಿ ಮಾಡಿಸಿ, ಆಮೇಲೆ ಬಣ್ಣದ ಮಾತು. ಬ್ರೇಕು ಸರಿಯಿಲ್ಲದ ಹಳೆಯ ಕಾರು ಇತರರಿಗೂ ಅಪಾಯ. ಅದನ್ನು ರಸ್ತೆಗಿಳಿಸುವವರು ನನ್ನ ಪಕ್ಷದವರಲ್ಲ. ಮನೆಯ ಓಡಾಟಕ್ಕೆ ಒಳ್ಳೆಯ ಹೊಸ ಕಾರು ಬೇಕು, ಆರು ಏರ್‌ಬ್ಯಾಗಿನದ್ದೇ ಇರಲಿ. ಅದಕ್ಕೆ 400 ಅಶ್ವಶಕ್ತಿ ಬೇಡ, ಅಷ್ಟೇ.

ಎರಡನೆಯದು ಹೊಗೆ. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಕಾರ್ಬ್ಯುರೇಟರಿನ ಕಾರು ಇವತ್ತಿನ ಬಿಎಸ್-6 ಕಾರಿಗಿಂತ ಬಹಳ ಹೆಚ್ಚು ಉಗುಳುತ್ತದೆ. ಅದಕ್ಕೇ ಅದು ಭಾನುವಾರ ಬೆಳಗಿನ ಕಾರಾಗಿರಬೇಕು, ದಿನದ ಕಾರಲ್ಲ. ಚಳಿಗಾಲದ ದೆಹಲಿಯಲ್ಲಿ ಅಷ್ಟೂ ಬೇಡ. 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ಅಲ್ಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಮೇಲೂ ಆದೇಶಗಳು ಬದಲಾಗುತ್ತಲೇ ಇವೆ. ದೆಹಲಿಯ ಓದುಗರು ಆಸೆಯನ್ನು ಸದ್ಯಕ್ಕೆ ಮಡಚಿಡುವುದು ಒಳ್ಳೆಯದು.

ಆದರೆ ಕಾನೂನಿನ ಬಗ್ಗೆ ನನಗೊಂದು ಜಗಳವಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿತು: 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ನಂಬರಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ ₹20,000, ದಿನನಿತ್ಯದ ಓಡಾಟಕ್ಕಿಲ್ಲ. ಒಳ್ಳೆಯ ಹೆಜ್ಜೆ. ಆದರೆ 15 ವರ್ಷಕ್ಕೆ ಕಾರು ಹಳತಾಗುತ್ತದೆ, 50ಕ್ಕೆ ವಿಂಟೇಜ್ ಆಗುತ್ತದೆ. ನಡುವಿನ 35 ವರ್ಷ ಅದು ಏನು? ಗುಜರಿಯ ಅಭ್ಯರ್ಥಿ. 2022ರ ಏಪ್ರಿಲಿನಲ್ಲಿ 15 ವರ್ಷದ ಕಾರಿನ ನೋಂದಣಿ ನವೀಕರಣದ ಶುಲ್ಕ ₹600ರಿಂದ ₹5,000ಕ್ಕೆ ಏರಿತು. 1993ರ ಮಾರುತಿ ಝೆನ್ ವಿಂಟೇಜ್ ಆಗಬೇಕಾದರೆ 2043ರವರೆಗೆ ಬದುಕಿರಬೇಕು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ, ಚೆನ್ನಾಗಿ ನೋಡಿಕೊಂಡ ಹಳೆಯ ಕಾರನ್ನೂ, ದಿನಕ್ಕೆ ಇನ್ನೂರು ಓಡಿ ಹೊಗೆ ಕಾರುವ ಹಳೆಯ ಡೀಸೆಲ್ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪರಿಸರ ಕಾಳಜಿಯಲ್ಲ, ಸೋಮಾರಿತನ. ವಯಸ್ಸನ್ನು ಅಳೆಯುವುದು ಸುಲಭ; ಹೊಗೆಯನ್ನೂ ಓಡಿದ ದೂರವನ್ನೂ ಅಳೆಯುವುದಕ್ಕೆ ಕೆಲಸ ಮಾಡಬೇಕು. 30 ವರ್ಷ ದಾಟಿದ, ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿಗೆ ಒಪ್ಪಿದ ಕಾರಿಗೆ ಒಂದು ನಡುವಿನ ವರ್ಗ ಇರಲಿ.

ಮೂರನೆಯದು ಹೂಡಿಕೆ. “ಕ್ಲಾಸಿಕ್ ಕಾರಿನ ಬೆಲೆ ಏರುತ್ತದಂತಲ್ಲ?” ಇದನ್ನು ಕೇಳುವವರನ್ನು ಕಂಡರೆ ನನಗೆ ಹೊಸ ಕಾರು ಕೊಳ್ಳುವವರ ಮೇಲೆ ಬರುವುದಕ್ಕಿಂತ ಹೆಚ್ಚು ಕೋಪ ಬರುತ್ತದೆ. 2022ರಲ್ಲಿ ಒಂದು ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರು 13.5 ಕೋಟಿ ಯೂರೋಗೆ ಹರಾಜಾಯಿತು. ಆ ಸುದ್ದಿ ಓದಿ ಎಷ್ಟೋ ಜನ ತಮ್ಮ ತಾತನ ಫಿಯೆಟ್ಟಿಗೆ ಹೊದಿಕೆ ಹೊದಿಸಿ ಶೆಡ್ಡಿನಲ್ಲಿ ಕೂರಿಸಿದರು. ಓಡದ ಕಾರು ಕಾರಲ್ಲ. ಸೀಲುಗಳು ಒಣಗುತ್ತವೆ, ಟ್ಯಾಂಕು ತುಕ್ಕು ಹಿಡಿಯುತ್ತದೆ, ಪೆಟ್ರೋಲು ಕೊಳೆಯುತ್ತದೆ. ಹಣ ಬೆಳೆಸಬೇಕೆಂದರೆ ಮ್ಯೂಚುವಲ್ ಫಂಡ್ ಇದೆ, ಅದಕ್ಕೆ ಶೆಡ್ಡೂ ಬೇಕಿಲ್ಲ.

ಹಾಗಾದರೆ ಯಾವುದು?

ಎಲ್ಲರೂ ಹೆರಾಲ್ಡ್ ಹುಡುಕಬೇಕಿಲ್ಲ. ತೊಂಬತ್ತರ ದಶಕದ ಝೆನ್ ತೂಗುವುದು ಮುಕ್ಕಾಲು ಟನ್ನು, 993 ಸಿಸಿ ಅಲ್ಯೂಮಿನಿಯಂ ಎಂಜಿನ್, 50 ಅಶ್ವಶಕ್ತಿ. ಆಗುಂಬೆಯ 14 ಹಿಮ್ಮುರಿ ತಿರುವಿಗೆ ಅಷ್ಟು ಸಾಕು. 2000ದ ಸುಮಾರಿನ ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪ್ಯಾಲಿಯೊ 1.6: ಎರಡಕ್ಕೂ ನೂರರ ಆಸುಪಾಸಿನ ಅಶ್ವಶಕ್ತಿ. ಇವೆಲ್ಲ ಬಿಡಿಭಾಗ ಹುಡುಕಿದರೆ ಸಿಗುವ, ಮೇಸ್ತ್ರಿಗಳಿಗೆ ಗೊತ್ತಿರುವ, ಚಕ್ರ ಹಿಡಿದವರ ಜೊತೆ ಮಾತಾಡುವ ಕಾರುಗಳು.

ಕೊಳ್ಳುವಾಗ ಬಣ್ಣ ನೋಡಬೇಡಿ, ತಳ ನೋಡಿ. ಮುಂಬೈ, ಚೆನ್ನೈ, ಮಂಗಳೂರಿನ ಕಡಲ ಗಾಳಿಯಲ್ಲಿ ಬದುಕಿದ ಕಾರಿನ ಫ್ಲೋರ್ ತೂತಾಗಿರುತ್ತದೆ. ಎಂಜಿನ್ ರಿಪೇರಿ ಸುಲಭ, ತುಕ್ಕಿನ ರಿಪೇರಿ ಮುಗಿಯುವುದಿಲ್ಲ. ಆರ್‌ಸಿ ಪುಸ್ತಕದ ಹೆಸರು, ಚಾಸಿ ನಂಬರ್, ಎಂಜಿನ್ ನಂಬರ್ ಹೊಂದುತ್ತವೆಯೇ ನೋಡಿ. ಬಂಕಿನಲ್ಲಿ ಈಗ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಸೀಲುಗಳು ಅದಕ್ಕಾಗಿ ಮಾಡಿದವಲ್ಲ, ಮೊದಲೇ ಬದಲಿಸಿ. ಎಲ್ಲಕ್ಕಿಂತ ಮೊದಲು ಮೇಸ್ತ್ರಿಯನ್ನು ಹುಡುಕಿ, ಆಮೇಲೆ ಕಾರು. ಉಳಿದ ಹಣದಲ್ಲಿ ಒಂದು ಭಾಗವನ್ನು ಪ್ರತಿ ವರ್ಷ ಅದಕ್ಕೇ ತೆಗೆದಿಡಿ. ಎಮ್ಮೆ ಕೊಂಡವರು ಹುಲ್ಲಿಗೆ ಲೆಕ್ಕ ಹಾಕಬಾರದು.

ಆಮೇಲೆ ಒಂದು ಭಾನುವಾರ ಐದು ಗಂಟೆಗೆ ಎದ್ದು ತಾಮ್ಹಿಣಿಗೋ ಯಲಗಿರಿಗೋ ಹೊರಡಿ. ಕೊನೆಯ ತಿರುವು ದಾಟುವ ಹೊತ್ತಿಗೆ ತೋಳು ಸೋತಿರುತ್ತದೆ, ಅಂಗಿ ಬೆವರಿರುತ್ತದೆ. ಮುಳ್ಳು ಒಮ್ಮೆಯೂ ಅರವತ್ತು ದಾಟಿರುವುದಿಲ್ಲ. ಹಿಂದಿನಿಂದ ಬಂದ ಹಾಲಿನ ವ್ಯಾನು ನಿಮ್ಮನ್ನು ಹಿಂದೆ ಹಾಕಿ ಹೋಗಿರುತ್ತದೆ, ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿದ್ದ ಶಾಲೆಯ ಮಕ್ಕಳು ಕೈಬೀಸಿರುತ್ತಾರೆ. ಆಟವೂ ಆಯಿತು, ಯಾರ ಜೀವವೂ ಪಣಕ್ಕೆ ಹೋಗಲಿಲ್ಲ. ಎರಡು ಕೋಟಿಗೆ ಇದು ಸಿಗುವುದಿಲ್ಲ.